ಒಂದೇ ಕಾರು, ಎರಡು ಅವತಾರ: ನೂರ್ಬರ್ಗ್‌ರಿಂಗ್‌ನಲ್ಲಿ ಒಂದು ಶನಿವಾರ

ನಾನು ಕೈಯಾರೆ ಹಾಳು ಮಾಡಿದ ಮೊದಲ ಕಾರು ಮಾರುತಿ ಝೆನ್. ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಕಾಲ. ಕಾರು ಅಪ್ಪನದು, ಐಡಿಯಾ ನನ್ನದು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಅಗಲದ ಟೈರು ತಂದೆ. ಗ್ಯಾರೇಜಿನಲ್ಲಿ ನಿಂತು ನಾಲ್ಕೂ ಸ್ಪ್ರಿಂಗನ್ನು ಒಂದೊಂದು ಸುತ್ತು ಕತ್ತರಿಸಿ ಹಾಕಿಸಿದೆ. ಕಾರು ನೆಲಕ್ಕೆ ಕೂತಿತು. ನೋಡಲು ಬಲು ಚೆನ್ನಾಗಿತ್ತು. ಮುಂದಿನ ವಾರ ಮನೆಯವರೆಲ್ಲ ಅದರಲ್ಲೇ ಸುಬ್ರಹ್ಮಣ್ಯಕ್ಕೆ ಹೊರಟೆವು. ಶಿರಾಡಿ ಘಾಟಿಯಲ್ಲಿ ಪ್ರತಿ ಗುಂಡಿಗೂ ದಡಾರ್ ಅಂತ ಸದ್ದು. ಗುಂಡ್ಯ ಬರುವ ಹೊತ್ತಿಗೆ ಹಿಂದಿನ ಸೀಟಿನ ಅಜ್ಜಿ, "ಬಸ್ಸಲ್ಲೇ ಬರಬಹುದಿತ್ತಲ್ವೇನೋ ಮಗಾ" ಅಂದರು.

ಈಗ ನನ್ನ ಹೊಟ್ಟೆಪಾಡೇ ಶಾಕ್ ಅಬ್ಸಾರ್ಬರ್. ಊರಿನ ಗ್ಯಾರೇಜುಗಳಲ್ಲಿ ಶಾಕಪ್ ಅನ್ನುತ್ತಾರಲ್ಲ, ಅದೇ. ಸ್ಟುಟ್‌ಗಾರ್ಟ್ ಹತ್ತಿರದ ಒಂದು ಕಂಪನಿಯಲ್ಲಿ ಅವನ್ನು ಯಂತ್ರಕ್ಕೆ ಕಟ್ಟಿ ಕುಣಿಸಿ ನೋಡುವುದು ಕೆಲಸ. ಹಾಗಾಗಿ ಝೆನ್‌ಗೆ ಏನಾಗಿತ್ತು ಅಂತ ಈಗ ಬಿಡಿಸಿ ಹೇಳಬಲ್ಲೆ. ಸ್ಪ್ರಿಂಗ್ ಕತ್ತರಿಸಿದರೆ ಅದು ಗಿಡ್ಡವಾಗುವುದಷ್ಟೇ ಅಲ್ಲ, ಗಟ್ಟಿಯೂ ಆಗುತ್ತದೆ. ಹಳೆಯ ಶಾಕಪ್‌ಗೆ ಆ ಗಟ್ಟಿ ಸ್ಪ್ರಿಂಗನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ. ಸಾಲದ್ದಕ್ಕೆ ಚಕ್ರ ಮೇಲೇಳಲು ಜಾಗವೂ ಕಡಿಮೆ. ಗುಂಡಿಗೆ ಬಿದ್ದಾಗ ಎಲ್ಲ ಭಾರ ಕೊನೆಯಲ್ಲಿರುವ ರಬ್ಬರ್ ತುಂಡಿನ ಮೇಲೆ. ಅಜ್ಜಿಯ ಸೊಂಟಕ್ಕೆ ಹೋಗಿದ್ದು ಆ ಏಟು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಮಾಡಿಫೈ ಮಾಡಿದ ಕಾರು ಅಂದ ಕೂಡಲೇ ನನಗೆ ಒಂದು ಅನುಮಾನ ಇದ್ದೇ ಇರುತ್ತದೆ. ಅದನ್ನು ಪರೀಕ್ಷಿಸಿ ನೋಡಬೇಕು ಅಂತ ಬಹಳ ದಿನದ ಆಸೆ. ಹೋದ ಸೆಪ್ಟೆಂಬರ್‌ನಲ್ಲಿ ಕೂಡಿಬಂತು. ಜರ್ಮನಿಯ ರೇಸ್ ಟ್ರ್ಯಾಕ್ ನೂರ್ಬರ್ಗ್‌ರಿಂಗ್ ಹತ್ತಿರ ಕಾರು ಬಾಡಿಗೆಗೆ ಕೊಡುವವರ ಬಳಿ ಪೋರ್ಷೆ 911 ಜಿಟಿ3 ಎರಡಿದ್ದವು. ಒಂದು ಕಾರ್ಖಾನೆಯಿಂದ ಬಂದ ಹಾಗೇ ಇದ್ದದ್ದು. ಇನ್ನೊಂದಕ್ಕೆ ಮಾಂಟೈ ಕಿಟ್, ಅಂದರೆ ಮಾಡಿಫೈ ಮಾಡುವ ಬಿಡಿಭಾಗಗಳ ಸೆಟ್ಟು, ಹಾಕಿತ್ತು. ಎರಡನ್ನೂ ಒಂದೇ ದಿನ, ಒಂದೇ ರಸ್ತೆಯಲ್ಲಿ, ಪಕ್ಕದಲ್ಲಿ ಒಬ್ಬನೇ ಬೋಧಕನನ್ನು ಕೂರಿಸಿಕೊಂಡು ಓಡಿಸಬೇಕು ಅಂತ ಲೆಕ್ಕ ಹಾಕಿದೆ. ಬೇರೆ ಬೇರೆ ದಿನ ಓಡಿಸಿದರೆ ಹವಾಮಾನ ಬದಲಾಗುತ್ತದೆ, ನನ್ನ ಧೈರ್ಯವೂ ಬದಲಾಗುತ್ತದೆ. ಆಮೇಲೆ ಹೋಲಿಕೆಗೆ ಅರ್ಥವಿಲ್ಲ.

ಮಾಂಟೈ ಅನ್ನುವುದು ನೂರ್ಬರ್ಗ್‌ರಿಂಗ್ ಪಕ್ಕದ ಮೊಯ್ಸ್‌ಪಾತ್ ಊರಿನ ರೇಸಿಂಗ್ ಸಂಸ್ಥೆ. ಓಲಾಫ್ ಮಾಂಟೈ 1996ರಲ್ಲಿ ಕಟ್ಟಿದ್ದು. 2013ರಿಂದ ಅದರ ಹೆಚ್ಚಿನ ಪಾಲು ಪೋರ್ಷೆ ಕಂಪನಿಯದೇ. ಈ ಕಿಟ್‌ನಲ್ಲಿ ನನಗೆ ಇಷ್ಟವಾದ ವಿಷಯ ಒಂದೇ: ಎಂಜಿನ್ ಮುಟ್ಟಿಲ್ಲ. ಅದೇ 4 ಲೀಟರ್, ಆರು ಸಿಲಿಂಡರ್, ಟರ್ಬೊ ಇಲ್ಲದ ಎಂಜಿನ್. ಅದೇ 510 ಕುದುರೆ ಶಕ್ತಿ, ಅದೇ 9,000 ಆರ್‌ಪಿಎಂ. ಬದಲಾಗಿದ್ದು ಶಾಕಪ್, ಬ್ರೇಕ್ ಪೈಪು, ಗಾಳಿ ಹಿಡಿಯುವ ಭಾಗಗಳು. ಹಿಂದೆ ದೊಡ್ಡ ರೆಕ್ಕೆ, ಮುಂದೆ ಚಿಕ್ಕ ಚಿಕ್ಕ ಪಟ್ಟಿಗಳು, ಹಿಂದಿನ ಚಕ್ರಗಳಿಗೆ ಊಟದ ತಟ್ಟೆ ಮುಚ್ಚಿದ ಹಾಗೆ ಕಾರ್ಬನ್ ಮುಚ್ಚಳ. ಇಷ್ಟಕ್ಕೇ 20.832 ಕಿ.ಮೀ. ಸುತ್ತಿನಲ್ಲಿ ಕಂಪನಿಯ ಚಾಲಕ ಲಾರ್ಸ್ ಕೆರ್ನ್ ತೆಗೆದುಕೊಂಡ ಸಮಯ 6 ನಿಮಿಷ 59.927 ಸೆಕೆಂಡಿನಿಂದ 6 ನಿಮಿಷ 55.737 ಸೆಕೆಂಡಿಗೆ ಇಳಿಯಿತು. ಬರೀ ನಾಲ್ಕು ಸೆಕೆಂಡಾ ಅಂತ ಕೇಳಬಹುದು. ಒಂದು ಕುದುರೆ ಶಕ್ತಿಯನ್ನೂ ಸೇರಿಸದೆ ಬಂದ ನಾಲ್ಕು ಸೆಕೆಂಡು ಅದು.

ನನ್ನ ಸಮಯ ಮಾತ್ರ ಕೇಳಬೇಡಿ. ಸಾರ್ವಜನಿಕರಿಗೆ ಬಿಡುವ ದಿನಗಳಲ್ಲಿ ಇಲ್ಲಿ ಸಮಯ ಅಳೆಯುವ ಹಾಗಿಲ್ಲ. ಹಣ ಕಟ್ಟಿ ಒಳಗೆ ಹೋಗುವ ಏಕಮುಖ ರಸ್ತೆ ಅಂತಲೇ ಲೆಕ್ಕ, ಜರ್ಮನಿಯ ರಸ್ತೆ ನಿಯಮಗಳೇ ಅನ್ವಯ. ಎಡಗಡೆಯಿಂದಷ್ಟೇ ಓವರ್‌ಟೇಕ್ ಮಾಡಬೇಕು. ಹಳೆಯ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರುಗಳು, ಮಕ್ಕಳನ್ನು ಹಿಂದೆ ಕೂರಿಸಿಕೊಂಡ ವ್ಯಾನುಗಳು, ಎಲ್ಲ ಒಟ್ಟಿಗೆ. ಗುದ್ದಿದರೆ ರಸ್ತೆ ಬದಿಯ ಕಬ್ಬಿಣದ ತಡೆಗೂ ನಾವೇ ದುಡ್ಡು ಕೊಡಬೇಕು. ಬಾಡಿಗೆ ಕರಾರಿನಲ್ಲಿ ಅಪಘಾತವಾದರೆ ನನ್ನ ಜೇಬಿನಿಂದ ಹೋಗುವ ಮೊತ್ತ ಓದಿದಾಗ ಹಾಸನದ ರಿಂಗ್ ರೋಡ್ ಪಕ್ಕದ ಸೈಟು ಕಣ್ಣ ಮುಂದೆ ಬಂತು. ಸಹಿ ಹಾಕಿದೆ.

ಬೋಧಕ ಐವತ್ತು ದಾಟಿದವ. ಜರ್ಮನ್ ಭಾಷೆಯಲ್ಲೂ ನಮ್ಮ ಹಾಗೆ ನೀನು, ನೀವು ಇದೆ. ಅವನು ಮೊದಲ ಮಾತಿಗೇ ನೀನು ಅಂದ. "ಮೊದಲ ಸುತ್ತಿನಲ್ಲಿ ನೀನು ಚಾಲಕ ಅಲ್ಲ, ಟೈರು ಬಿಸಿ ಮಾಡುವವನು" ಅಂದ. ಬೆಳಗ್ಗೆ ಹತ್ತು ಡಿಗ್ರಿ ಚಳಿ. ಎರಡೂ ಕಾರಿಗೆ ಹಾಕಿದ್ದು ಮಿಷೆಲಿನ್ ಕಪ್ 2 ಟೈರು. ಬಿಸಿಯಾದರೆ ಅಂಟು, ತಣ್ಣಗಿದ್ದರೆ ಬಾಳೆಹಣ್ಣಿನ ಸಿಪ್ಪೆ. ಹಾಟ್ಸೆನ್‌ಬಾಕ್‌ನ ಹಾವಿನ ತಿರುವುಗಳಲ್ಲಿ, ಇನ್ನೂ ನಿಧಾನವಾಗೇ ಹೋಗುತ್ತಿದ್ದೆ, ಹಿಂಭಾಗ ಒಮ್ಮೆ ಪಕ್ಕಕ್ಕೆ ಜಾರಿತು. ಕಾರೇ ಸರಿ ಮಾಡಿಕೊಂಡಿತು. ಬೋಧಕ ಕಿಟಕಿಯಾಚೆ ಮರ ನೋಡುತ್ತಿದ್ದ. ಆಗಿದ್ದು ಗೊತ್ತೇ ಇಲ್ಲ ಅನ್ನುವ ಹಾಗೆ.

ಮೊದಲ ಎರಡು ಸುತ್ತು ಬದಲಾಗದ ಕಾರು. ಇದನ್ನು ಬೈಯಲು ನನ್ನ ಹತ್ತಿರ ಏನೂ ಇಲ್ಲ. ಎಂಜಿನ್ ಬೆನ್ನ ಹಿಂದೆ, 6,000 ದಾಟಿದ ಮೇಲೆ ಸದ್ದು ಕಿವಿಯಿಂದಲ್ಲ, ಸೀಟಿನಿಂದ ಒಳಗೆ ಬರುತ್ತದೆ. ಸ್ಟೇರಿಂಗ್ ತಿರುಗಿಸಿದ ಕ್ಷಣಕ್ಕೆ ಮೂತಿ ತಿರುಗುತ್ತದೆ. ಆದರೆ ಫ್ಲುಗ್‌ಪ್ಲಾಟ್ಸ್ ಹತ್ತಿರ ದಿಬ್ಬ ಏರಿದಾಗ ಒಂದು ಭಾವ ಬಂತು. ಪಕ್ಕದಲ್ಲಿ ಗ್ಲೈಡರ್ ಮೈದಾನ ಇದ್ದದ್ದಕ್ಕೆ ಆ ಹೆಸರು, ಆದರೆ ಹೆಸರು ಬೇರೆ ಕಾರಣಕ್ಕೂ ಸರಿಯಾಗಿದೆ. ದಿಬ್ಬದ ನೆತ್ತಿಯಲ್ಲಿ ಕಾರು ಹಗುರಾಗುತ್ತದೆ. ಸ್ಟೇರಿಂಗ್ ಒಂದು ಗಳಿಗೆ ಖಾಲಿ. ಅಲ್ಲಿಂದ ಶ್ವೇಡನ್‌ಕ್ರಾಯ್ಟ್ಸ್, ಮುಂದೆ ಏನಿದೆ ಅಂತ ಕಾಣದ ಎಡ ತಿರುವು, ಸುತ್ತಿನಲ್ಲೇ ಅತಿ ವೇಗದವುಗಳಲ್ಲಿ ಒಂದು. ಎರಡೂ ಸಲ ನನ್ನ ಬಲಗಾಲು ನನ್ನನ್ನು ಕೇಳದೆ ಆಕ್ಸಿಲರೇಟರ್‌ನಿಂದ ಮೇಲೆದ್ದಿತು.

ಕಾಫಿ ಕುಡಿದು ಎರಡನೇ ಕಾರಿಗೆ ಬಂದೆ. ಬಾಗಿಲು, ಸೀಟು, ಡ್ಯಾಶ್‌ಬೋರ್ಡ್ ಎಲ್ಲ ಅದೇ. ಗೇಟಿನವರೆಗೆ ಊರ ರಸ್ತೆಯಲ್ಲಿ ಹೋಗುವಾಗ ಸೊಂಟ ಮುರಿಯುತ್ತದೆ ಅಂತ ಹಲ್ಲು ಕಚ್ಚಿ ಕೂತಿದ್ದೆ. ಹಾಗೇನೂ ಆಗಲಿಲ್ಲ. ಗಟ್ಟಿ ಹೌದು, ಆದರೆ ಏಟು ಕೊಡುವುದಿಲ್ಲ. ಇದು ನನ್ನ ಕೆಲಸದ ವಿಷಯ, ಸ್ವಲ್ಪ ಉದ್ದ ಮಾಡುತ್ತೇನೆ, ಸಹಿಸಿಕೊಳ್ಳಿ.

ಈ ಶಾಕಪ್‌ಗಳನ್ನು ನಾಲ್ಕು ಥರ ಹೊಂದಿಸಬಹುದು. ಒಳಕ್ಕೆ ಅದುಮುವಾಗ ಎರಡು, ವಾಪಸ್ ಹಿಗ್ಗುವಾಗ ಎರಡು. ಎರಡೆರಡು ಯಾಕೆ? ಒಂದು ನಿಧಾನದ ಚಲನೆಗೆ, ಇನ್ನೊಂದು ವೇಗದ ಚಲನೆಗೆ. ಇಲ್ಲಿ ಎಲ್ಲರೂ ತಪ್ಪು ತಿಳಿಯುವುದುಂಟು: ವೇಗ ಅಂದರೆ ಕಾರಿನದಲ್ಲ, ಶಾಕಪ್ ಒಳಗಿನ ಪಿಸ್ಟನ್‌ನದು. ತಿರುವಿನಲ್ಲಿ ಕಾರು ವಾಲುವುದು, ಬ್ರೇಕ್ ಹಾಕಿದಾಗ ಮೂತಿ ಬಗ್ಗುವುದು ನಿಧಾನದ ಚಲನೆ. ಕಾರು 200ರಲ್ಲಿದ್ದರೂ ಅಷ್ಟೆ. ಗುಂಡಿಗೆ ಚಕ್ರ ಬೀಳುವುದು, ರಸ್ತೆ ಅಂಚಿನ ಕಲ್ಲು ಹತ್ತುವುದು ವೇಗದ ಚಲನೆ. ಕಾರು 30ರಲ್ಲಿದ್ದರೂ ಅಷ್ಟೆ. ಎರಡನ್ನೂ ಬೇರೆ ಮಾಡಿದರೆ, ವಾಲುವುದನ್ನು ಬಿಗಿ ಹಿಡಿದು ಗುಂಡಿಯನ್ನು ಮಾತ್ರ ನುಂಗಿಬಿಡಬಹುದು. ನನ್ನ ಝೆನ್ ಎರಡನ್ನೂ ಬಿಗಿ ಮಾಡಿಕೊಂಡಿತ್ತು, ಅದೂ ತಪ್ಪು ಕಾರಣಕ್ಕೆ.

ಮತ್ತೆ ಫ್ಲುಗ್‌ಪ್ಲಾಟ್ಸ್. ಅದೇ ದಿಬ್ಬ. ಈ ಸಲ ಸ್ಟೇರಿಂಗ್ ಖಾಲಿಯಾಗಲೇ ಇಲ್ಲ. ಹಗುರಾಯಿತು, ಆದರೆ ರಸ್ತೆಯ ಸುದ್ದಿ ಕೈಗೆ ಬರುತ್ತಲೇ ಇತ್ತು. ಹಿಂಭಾಗ ಒಂದೇ ಸಲ ಕೂತು ಸುಮ್ಮನಾಯಿತು, ಎರಡನೇ ಕುಣಿತ ಇಲ್ಲ. ಶ್ವೇಡನ್‌ಕ್ರಾಯ್ಟ್ಸ್‌ಗೆ ಬಂದಾಗ ಬೋಧಕ "ಇರಲಿ, ಇರಲಿ, ಇರಲಿ" ಅಂದ. ಕಾಲು ಎತ್ತಲಿಲ್ಲ. ಸ್ಪೀಡೋಮೀಟರ್ ನೋಡುವ ಧೈರ್ಯ ಇರಲಿಲ್ಲ. ಬೆಳಗ್ಗೆಗಿಂತ ಜಾಸ್ತಿ ವೇಗ ಅಂತ ಗಾಳಿಯ ಸದ್ದಿನಲ್ಲೇ ತಿಳಿಯಿತು. ಆದರೂ ಎದೆಬಡಿತ ಬೆಳಗ್ಗೆಗಿಂತ ಕಡಿಮೆ. ನಾನು ಕಾದಿದ್ದು ಇನ್ನಷ್ಟು ರೋಮಾಂಚನಕ್ಕೆ, ಸಿಕ್ಕಿದ್ದು ನಿರಾಳ. ಮೊದಲಿಗೆ ಸ್ವಲ್ಪ ನಿರಾಸೆಯೇ ಆಯಿತು ಅನ್ನಬೇಕು.

ಅದರ ಬೆನ್ನಿಗೇ ಆರೆಂಬರ್ಗ್, ಜೋರು ಬ್ರೇಕಿನ ಬಲ ತಿರುವು. ಇಲ್ಲಿ ನಾನು ಎಡವಿದೆ. ಗಾಳಿ ಕಾರನ್ನು ನೆಲಕ್ಕೆ ಒತ್ತುವ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 100ರಿಂದ 200ಕ್ಕೆ ಹೋದರೆ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಇಳಿಯುವಾಗಲೂ ಅದೇ ಲೆಕ್ಕ. ಅಂದರೆ ದೊಡ್ಡ ರೆಕ್ಕೆಯ ಕಾರಿನಲ್ಲಿ ಬ್ರೇಕನ್ನು ಮೊದಲಿಗೇ ಗಟ್ಟಿಯಾಗಿ ಒತ್ತಬಹುದು, ಆದರೆ ವೇಗ ಇಳಿದ ಹಾಗೆ ಕಾಲನ್ನೂ ಸಡಿಲ ಬಿಡುತ್ತಾ ಬರಬೇಕು. ಹಿಡಿತ ಕರಗುತ್ತಿರುತ್ತದೆ. ಕಾಗದದ ಮೇಲೆ ಇದು ನನಗೆ ಬಾಯಿಪಾಠ. ಕಾಲಿಗೆ ಗೊತ್ತಿರಲಿಲ್ಲ. ಒತ್ತಿ ಹಾಗೇ ಹಿಡಿದೆ. ಎಬಿಎಸ್ ಗುರ್ ಅಂತು, ಕಾರು ತಿರುಗದೆ ನೇರ ಹೊರಟಿತು, ಬೋಧಕನ ಎಡಗೈ ಸ್ಟೇರಿಂಗ್ ಕಡೆ ಬಂತು. ಬ್ರೇಕ್ ಸ್ವಲ್ಪ ಬಿಟ್ಟೆ, ತಿರುಗಿತು. ತಡೆಗೂ ನಮಗೂ ನಡುವೆ ಜಾಗ ಬೇಕಾದಷ್ಟಿತ್ತು ಅಂತ ಅವನು ಆಮೇಲೆ ಹೇಳಿದ. ನನಗೆ ಕಂಡಿದ್ದು ಹಾಸನದ ಸೈಟು.

ಫುಕ್ಸ್‌ರೋರೆ ಅನ್ನುವುದು ಮರಗಳ ನಡುವಿನ ಕಡಿದಾದ ಇಳಿಜಾರು, ಕೊನೆಗೆ ತಳದಲ್ಲಿ ಒಂದು ಹಳ್ಳ. ಅಲ್ಲಿ ಕಾರು, ಹೊಟ್ಟೆ, ಕೆನ್ನೆ ಎಲ್ಲ ಒಟ್ಟಿಗೆ ಕೆಳಗೆ ಹೋಗುತ್ತವೆ. ಎರಡೂ ಕಾರಿನ ಅಡಿಭಾಗ ನೆಲಕ್ಕೆ ತಾಗಲಿಲ್ಲ. ಮಾಂಟೈ ಕಾರು ಹಳ್ಳದಿಂದ ಮೇಲೆ ಬರುವಾಗ ಮಾತ್ರ ಚಿಮ್ಮಲಿಲ್ಲ, ಎದ್ದು ನಿಂತಿತು ಅಷ್ಟೆ.

ಇನ್ನು ಅಡೆನಾವರ್ ಫಾರ್ಸ್ಟ್, ವೇರ್‌ಸೈಫೆನ್ ಥರದ ನಿಧಾನದ ತಿರುವುಗಳಲ್ಲಿ ಎರಡು ಕಾರಿಗೂ ವ್ಯತ್ಯಾಸ ಹುಡುಕಬೇಕು. ಅಲ್ಲಿ ರೆಕ್ಕೆ ಸುಮ್ನೆ ಅಲಂಕಾರ. ಎರಡನೇ ಗೇರಿನಲ್ಲಿ ಹೋಗುವಾಗ ಬದಲಾಗದ ಕಾರೇ ಹೆಚ್ಚು ತಮಾಷೆ ಅನಿಸಿತು. ಅದು ಸ್ವಲ್ಪ ವಾಲುತ್ತದೆ, ವಾಲಿ ಮಾತಾಡುತ್ತದೆ. ದುಡ್ಡಿದ್ದು ಕೊಳ್ಳುವ ಯೋಗ ಇದ್ದರೆ, ರಸ್ತೆಗೆ ನಾನು ಅದನ್ನೇ ತರುತ್ತಿದ್ದೆ. ಇಂಡಿಯಾದಲ್ಲಂತೂ ಈ ಪ್ರಶ್ನೆಯೇ ಬೇರೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ನನ್ನ ಝೆನ್ ಅದಕ್ಕೂ ಹಿಂದಿನದು, ಆದರೂ ತಪ್ಪು ತಪ್ಪೇ.

ಬೆರ್ಗ್‌ವೆರ್ಕ್ ತಿರುವಿನ ಸ್ವಲ್ಪ ಮೊದಲು, 1976ರಲ್ಲಿ ಫಾರ್ಮುಲಾ ಒನ್ ಚಾಲಕ ನಿಕಿ ಲಾಡಾನ ಕಾರು ಹೊತ್ತಿ ಉರಿದ ಜಾಗ. ಆ ವರ್ಷದ ನಂತರ ಈ ಹಳೆಯ ಸುತ್ತಿನಲ್ಲಿ ಫಾರ್ಮುಲಾ ಒನ್ ನಡೆಯಲಿಲ್ಲ. ಬೋಧಕ ಅಲ್ಲಿ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕರುಸೆಲ್‌ನದು ಬೇರೆ ಕತೆ. ಬಾಣಲೆಯ ಒಳಮೈ ಥರ ಓರೆಯಾದ ಕಾಂಕ್ರೀಟ್ ತಿರುವು. ಕಾಂಕ್ರೀಟ್ ಹಲಗೆಗಳ ಸಂದಿ ಸಂದಿಗೂ ಟಕ್ ಟಕ್ ಟಕ್. ಇಲ್ಲಿ ಮಾಂಟೈ ಕಾರಿನ ಹಿಂಭಾಗ ಸಣ್ಣಗೆ ಕುಪ್ಪಳಿಸಿತು. ಎರಡು ಸುತ್ತಿನಲ್ಲೂ. ವಾಪಸ್ ಬಂದ ಮೇಲೆ ಶೆಡ್ಡಿನ ಮೆಕ್ಯಾನಿಕ್‌ಗೆ ಹೇಳಿದೆ. ಇಪ್ಪತ್ತೈದು ವರ್ಷದ ಹುಡುಗ. "ಒಳಕ್ಕೆ ಹೋಗುವಾಗಲೋ, ವಾಪಸ್ ಬರುವಾಗಲೋ?" ಅಂತ ಕೇಳಿದ. ಯಾರಾದರೂ ಆ ಪ್ರಶ್ನೆ ಕೇಳಲಿ ಅಂತ ನಾನು ವರ್ಷಗಟ್ಟಲೆ ಕಾದಿದ್ದೆ. "ಒಳಕ್ಕೆ, ವೇಗದ್ದು" ಅಂದೆ. ಗಿರಾಕಿಗಳ ಮಾತಿಗೆ ಸೆಟ್ಟಿಂಗ್ ಮುಟ್ಟುವುದಿಲ್ಲವಂತೆ. ಮಳೆ ಮೋಡ ನೋಡಿ, ಹೇಗಿದ್ದರೂ ಹಿಂಭಾಗ ಸ್ವಲ್ಪ ಮೆತ್ತಗೆ ಮಾಡುವವನಿದ್ದೆ ಅಂದ. ಬಗ್ಗಿ ಕೈ ಹಾಕಿ, ಪಾನಾ ಗೀನಾ ಏನೂ ಇಲ್ಲದೆ, ಎರಡೂ ಕಡೆ ಎರಡೆರಡು ಕ್ಲಿಕ್ ತಿರುಗಿಸಿದ.

ಕೊನೆಯ ಸುತ್ತು. ಕರುಸೆಲ್‌ಗೆ ಇಳಿದೆ. ಟಕ್ ಟಕ್ ಕೇಳಿಸಿತು, ಕುಪ್ಪಳಿಸಲಿಲ್ಲ. ಕಾರು ಕಾಂಕ್ರೀಟಿಗೆ ಮೈ ಒರಗಿಸಿಕೊಂಡು ಹೊರಗೆ ಬಂತು. ಹೆಲ್ಮೆಟ್ ಒಳಗೇ ನಗು ಬಂತು. "ನೋಡಿದೆಯಾ, ಎರಡೇ ಕ್ಲಿಕ್!" ಅಂದೆ.

"ಕ್ಲಿಕ್ ಇರಬಹುದು," ಅಂದ ಬೋಧಕ. "ಈ ಸಲ ನೀನು ಸ್ವಲ್ಪ ನಿಧಾನ ಬಂದೆ. ಕಾರು ಸಾಗಿದ ಗೆರೆಯೂ ಅರ್ಧ ಮೀಟರ್ ಒಳಗಿತ್ತು."

ಡೇಟಾ ಇಲ್ಲದೆ ವಾದ ಮಾಡುವ ಹಾಗಿರಲಿಲ್ಲ. ಕಾರು ವಾಪಸ್ ತಂದು ನಿಲ್ಲಿಸಿದೆ. ಮೋಡ ಚದುರಿ ಬಿಸಿಲು ಬಂದಿತ್ತು. ನಾನು ಬೆಲ್ಟ್ ಬಿಚ್ಚುವಷ್ಟರಲ್ಲಿ ಹುಡುಗ ಬಗ್ಗಿ ಕೈ ಹಾಕಿ, ಎರಡು ಕ್ಲಿಕ್ ಮೊದಲಿದ್ದ ಕಡೆಗೇ ತಿರುಗಿಸುತ್ತಿದ್ದ. ಮುಂದಿನ ಗಿರಾಕಿ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದ.