ಮೀಟರ್ ಮುಟ್ಟದೆ ಕರೆಂಟಿನ ಲೆಕ್ಕ

ಬೇಸಿಗೆಯಲ್ಲಿ ವಿಜಯಪುರದ ಮನೆಗಳಲ್ಲಿ ಬಿಲ್ ಏರಿದರೆ ಬೈಸಿಕೊಳ್ಳುವುದು ಕೂಲರ್. ಆದರೆ 2,000 ವ್ಯಾಟ್‌ನ ಗೀಸರ್ ಅರ್ಧ ಗಂಟೆಯಲ್ಲಿ ಒಂದು ಯೂನಿಟ್ ನುಂಗುತ್ತದೆ. 200 ವ್ಯಾಟ್‌ನ ಕೂಲರ್‌ಗೆ ಅಷ್ಟಕ್ಕೆ ಐದು ತಾಸು ಬೇಕು. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಹಾಗಾಗಿ ಲೆಕ್ಕ ತಿಂಗಳ ನಡುವೆಯೇ ಸಿಗಬೇಕು.

ಮೊದಲು ಮೀಟರಿನ ಮೇಲೆ ಮಿನುಗುವ ಕೆಂಪು ದೀಪ ನೋಡಿ. ಪಕ್ಕದಲ್ಲಿ 3200 ಎಂದಿದ್ದರೆ ಅಷ್ಟು ಸಲ ಮಿನುಗಿದಾಗ ಒಂದು ಯೂನಿಟ್. 1125ನ್ನು ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ ಭಾಗಿಸಿದರೆ ಆ ಕ್ಷಣದ ವ್ಯಾಟ್ ಸಿಗುತ್ತದೆ. ಮೀಟರ್ 1600ರದ್ದಾದರೆ 2250 ಹಿಡಿಯಿರಿ. ನೀರಿನ ಮೋಟರ್ ಹಚ್ಚುವ ಮುಂಚೆ ಒಮ್ಮೆ, ಹಚ್ಚಿದ ಮೇಲೆ ಒಮ್ಮೆ ಅಳೆದು ಕಳೆಯಿರಿ. ಒಂದು ಎಚ್‌ಪಿ ಎಂದರೆ 746 ವ್ಯಾಟ್, ಆದರೆ ಅದು ಮೋಟರ್ ಕೊಡುವ ಶಕ್ತಿ. ಎಳೆಯುವ ಕರೆಂಟು ಅದಕ್ಕಿಂತ ಜಾಸ್ತಿ. ಇಷ್ಟಕ್ಕೆ ಮೊಬೈಲಿನ ಸ್ಟಾಪ್‌ವಾಚ್ ಸಾಕು.

ದಿನವಿಡೀ ಎಣಿಸಲು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಒಂದು ಫೋಟೊಟ್ರಾನ್ಸಿಸ್ಟರ್ (ಬೆಳಕು ಬಿದ್ದಾಗ ಕರೆಂಟ್ ಹರಿಯಬಿಡುವ ಬಿಡಿಭಾಗ), 10 ಕಿಲೋಓಮ್ ರೆಸಿಸ್ಟರ್ ಬೇಕು. ಫೋಟೊಟ್ರಾನ್ಸಿಸ್ಟರ್ ಪಾರದರ್ಶಕದ್ದೇ ಇರಲಿ. ಕಪ್ಪು ಗಾಜಿನದು ಇನ್‌ಫ್ರಾರೆಡ್‌ಗೆ ಮಾಡಿದ್ದು, ಕೆಂಪು ದೀಪ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಅದರ ಕಲೆಕ್ಟರ್ ಕಾಲನ್ನು ಬೋರ್ಡಿನ 3.3 ವೋಲ್ಟ್‌ಗೆ, ಎಮಿಟರ್ ಕಾಲನ್ನು ಬೋರ್ಡಿನ ಒಂದು ಇನ್‌ಪುಟ್ ಪಿನ್ನಿಗೆ ಜೋಡಿಸಿ. ಅದೇ ಪಿನ್ನಿನಿಂದ ಗ್ರೌಂಡಿಗೆ ರೆಸಿಸ್ಟರ್ ಹಾಕಿ. ಫೋಟೊಟ್ರಾನ್ಸಿಸ್ಟರನ್ನು ದೀಪದ ಎದುರು ಕಪ್ಪು ಟೇಪಿನಿಂದ ಅಂಟಿಸಿ. ನಮ್ಮ ಕಡೆ ಮೀಟರ್ ಹೆಚ್ಚಾಗಿ ಹೊರಗಿನ ಗೋಡೆಗಿರುತ್ತದೆ, ಬಿಸಿಲು ಒಳನುಸುಳಿದರೆ ಎಣಿಕೆ ಕೆಟ್ಟಂತೆಯೇ. ರೀಡಿಂಗ್ ಪರದೆ ಮಾತ್ರ ಮುಚ್ಚಬೇಡಿ, ಬಿಲ್ ಬರೆಯುವವರಿಗೆ ಕಾಣಬೇಕು. ಸೀಲ್ ಮುಟ್ಟುವುದಂತೂ ಅಪರಾಧ.

ವೈರ್ ಸುತ್ತ ಕಾಯಿಲ್ ಹಾಕಿ ಅಳೆಯುವ ಮಾಡ್ಯೂಲ್‌ಗಳೂ ಸಿಗುತ್ತವೆ. ಅವುಗಳಲ್ಲಿ ಹಲವಕ್ಕೆ 230 ವೋಲ್ಟ್ ನೇರವಾಗಿ ಕೊಡಬೇಕು. ಎಲೆಕ್ಟ್ರಿಷಿಯನ್ ಜೊತೆಗಿಲ್ಲದೆ ಆ ದಾರಿ ಬೇಡ.

ಬೋರ್ಡಿನ ಪ್ರೋಗ್ರಾಮಿನಲ್ಲಿ ಪಿನ್ನಿಗೆ ಇಂಟರಪ್ಟ್ (ಮಿನುಗು ಬಂದ ಕೂಡಲೇ ಪ್ರೋಗ್ರಾಮನ್ನು ಎಚ್ಚರಿಸುವ ವ್ಯವಸ್ಥೆ) ಇಟ್ಟು ಎಣಿಸಿ. 100 ಮಿಲಿಸೆಕೆಂಡ್‌ಗಿಂತ ಬೇಗ ಬಂದ ಎರಡನೇ ಮಿನುಗನ್ನು ಬಿಟ್ಟುಬಿಡಿ: 3200ರ ಮೀಟರಿನಲ್ಲಿ ಅಷ್ಟು ವೇಗ ಬರಲು 11 ಕಿಲೋವ್ಯಾಟ್ ಉರಿಯಬೇಕು, ಸಾಮಾನ್ಯ ಮನೆಯಲ್ಲಿ ಅದು ಆಗದ ಮಾತು. ಕರೆಂಟ್ ಹೋದಾಗ ಎಣಿಕೆ ಅಳಿಯದಂತೆ ಬೋರ್ಡಿನ ಫ್ಲ್ಯಾಷ್ ಮೆಮೊರಿಯಲ್ಲಿ ಬರೆದಿಡಿ. ಆದರೆ ಪ್ರತಿ ಮಿನುಗಿಗೂ ಬರೆದರೆ ಫ್ಲ್ಯಾಷ್ ಬೇಗ ಸವೆಯುತ್ತದೆ, ಗಂಟೆಗೊಮ್ಮೆ ಸಾಕು. ಬೋರ್ಡನ್ನು ಪವರ್ ಬ್ಯಾಂಕಿಗೆ ಸಿಕ್ಕಿಸಿದರೆ ನಡುವಿನ ಎಣಿಕೆಯೂ ಉಳಿಯುತ್ತದೆ.

ವಾರ ಬಿಟ್ಟು ನಿಮ್ಮ ಎಣಿಕೆಯನ್ನು ಮೀಟರ್ ಮೇಲಿನ 3200 ಅಥವಾ 1600ರಿಂದ ಭಾಗಿಸಿ, ಬಂದ ಯೂನಿಟ್‌ಗಳನ್ನು ಮೀಟರ್ ರೀಡಿಂಗ್ ಏರಿದಷ್ಟರ ಜೊತೆ ತಾಳೆ ನೋಡಿ. ಕಡಿಮೆ ಬಂದರೆ ಫೋಟೊಟ್ರಾನ್ಸಿಸ್ಟರ್ ದೀಪದಿಂದ ಜರುಗಿದೆ. ಜಾಸ್ತಿ ಬಂದರೆ ಟೇಪಿನ ಅಂಚಿನಲ್ಲಿ ಬೆಳಕು ಸೋರುತ್ತಿದೆ.