ಗಂಡನ ಸಹಿ ಬೇಕು ಅಂದರೆ ಏನು ಮಾಡುವುದು?

ಸಕಲೇಶಪುರದ ತೋಟದ ಲೈನ್ ಮನೆಯಿಂದ ಹಾಸನಕ್ಕೆ ಬಂದು ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತು. ಅಷ್ಟು ಮಾಡಿ ಗರ್ಭಪಾತಕ್ಕೆಂದು ಆಸ್ಪತ್ರೆಗೆ ಬಂದವಳನ್ನು ‘ಗಂಡನ್ನ ಕರ್ಕೊಂಡ್ ಬಾ’ ಎಂದು ಕೌಂಟರ್‌ನಿಂದಲೇ ಕಳಿಸಿದರೆ ಇನ್ನೊಂದು ವಾರ ಉರುಳುತ್ತದೆ. ಗರ್ಭಪಾತದಲ್ಲಿ ಎಲ್ಲವೂ ವಾರದ ಲೆಕ್ಕ.

ಹಾಗಾಗಿ ಮೊದಲು ವಾರ ಎಣಿಸಿ. ಎಣಿಕೆ ಶುರುವಾಗುವುದು ಕಡೆಯ ಸಲ ಮುಟ್ಟಾದ ಮೊದಲ ದಿನದಿಂದ, ತಿಂಗಳು ತಪ್ಪಿದ್ದು ಗೊತ್ತಾದ ದಿನದಿಂದಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಮಾರ್ಚ್ 1ಕ್ಕೆ ಮುಟ್ಟಾಗಿದ್ದರೆ ಮೇ 3ಕ್ಕೆ 9 ವಾರ, ಜುಲೈ 19ಕ್ಕೆ 20, ಆಗಸ್ಟ್ 16ಕ್ಕೆ 24.

9 ವಾರದೊಳಗೆ ಮಾತ್ರೆಯಲ್ಲೇ ಆಗುತ್ತದೆ, ಆದರೆ ವೈದ್ಯರು ನೋಡಿಯೇ ಕೊಡಬೇಕು. ಮೆಡಿಕಲ್ ಶಾಪಿನಿಂದ ಗುಟ್ಟಾಗಿ ತಂದು ನುಂಗಬೇಡಿ. ಗರ್ಭವು ಗರ್ಭಕೋಶದ ಹೊರಗೆ, ಅಂಡನಾಳದಲ್ಲಿ ನಿಂತಿದ್ದರೆ ಈ ಮಾತ್ರೆಗೆ ಹೋಗುವುದಿಲ್ಲ. ನಾಳ ಒಡೆದರೆ ಜೀವಕ್ಕೇ ಅಪಾಯ. ಮಾತ್ರೆಯ ನಂತರ ಗಂಟೆಗೆ ಎರಡು ಪ್ಯಾಡ್‌ನಂತೆ ಎರಡು ಗಂಟೆ ಒದ್ದೆಯಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ‘ಬೇಡ’ ಎಂದಷ್ಟೇ ಹೇಳಿದರೆ ಕಾನೂನಿಗೆ ಸಾಲದು, ಕಾರಣ ಬೇಕು. ಕಾಪರ್-ಟಿಯೋ ನಿರೋಧೋ ಕೈಕೊಟ್ಟಿತು ಎಂಬುದೂ ಕಾರಣವೇ. ಮದುವೆಯಾಗದವರೂ ಅದನ್ನು ಹೇಳಬಹುದು. 20ರಿಂದ 24 ವಾರಕ್ಕೆ ಇಬ್ಬರು ವೈದ್ಯರು ಒಪ್ಪಬೇಕು, ಅದೂ ಅತ್ಯಾಚಾರಕ್ಕೊಳಗಾದವರು, 18 ತುಂಬದವರು, ಬಸಿರಿರುವಾಗ ಗಂಡ ತೀರಿಕೊಂಡವರು ಅಥವಾ ವಿಚ್ಛೇದನವಾದವರು ಮುಂತಾದವರಿಗೆ. ಇಲ್ಲೂ ಮದುವೆಯಾಗದವರನ್ನು ಹೊರಗಿಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ತೀರ್ಪು ಕೊಟ್ಟಿದೆ.

ಇನ್ನು ಸಹಿ. ಒಪ್ಪಿಗೆ ಪತ್ರದ ಹೆಸರು ‘ಫಾರಂ ಸಿ’. ಅದನ್ನು ಕೈಗೆ ತೆಗೆದುಕೊಂಡು ಓದಿ. ‘ಇಂಥವರ ಮಗಳು/ಹೆಂಡತಿ’ ಎಂದು ತುಂಬುವ ಜಾಗವಿದೆ, ಗಂಡ ಸಹಿ ಹಾಕುವ ಜಾಗವಿಲ್ಲ. 18 ತುಂಬದವರಿಗೆ, ಮಾನಸಿಕ ಅಸ್ವಸ್ಥರಿಗೆ ಮಾತ್ರ ಪೋಷಕರ ಸಹಿ ಬೇಕು. ಅತ್ತೆಯ ಒಪ್ಪಿಗೆಯಂತೂ ಯಾವ ಕಾಯಿದೆಯಲ್ಲೂ ಇಲ್ಲ!

ಆದರೂ ಒತ್ತಾಯಿಸಿದರೆ ಜಗಳಕ್ಕಿಳಿಯಬೇಡಿ. ‘ಸಹಿ ಇಲ್ಲದೆ ಮಾಡಲ್ಲ ಅಂತ ಓಪಿ ಚೀಟಿ ಮೇಲೆ ಬರೆದುಕೊಡಿ ಮೇಡಂ’ ಎನ್ನಿ. ಬರೆಯಬೇಕಾದಾಗ ಹಲವರು ಮೆತ್ತಗಾಗುತ್ತಾರೆ. ಬರೆದುಕೊಟ್ಟರೆ ಅದನ್ನು ಹಿಡಿದು ಆಸ್ಪತ್ರೆಯ ಮೇಲಧಿಕಾರಿಯ ಬಳಿ ಹೋಗಿ. ಅಲ್ಲೂ ಆಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ, ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ.

ದೂರು ನಡೆಯುತ್ತಿರಲಿ, ವಾರ ಕಾಯುವುದಿಲ್ಲ. ಮರುದಿನವೇ ಬೇರೆ ಆಸ್ಪತ್ರೆ ನೋಡಿ. ಖಾಸಗಿಯಾದರೆ ಗರ್ಭಪಾತಕ್ಕೆ ಮಾನ್ಯತೆಯ ಪತ್ರ ಗೋಡೆಯ ಮೇಲಿದೆಯೇ ಎಂದು ಮೊದಲೇ ಗಮನಿಸಿ. ಸರ್ಕಾರಿ ಆಸ್ಪತ್ರೆಗೆ ಅದರ ಅಗತ್ಯವಿಲ್ಲ.