ಮುಖ ನೋಡಿ ಮಣೆ ಹಾಕಬೇಡಿ: ಸೆಕೆಂಡ್ ಹ್ಯಾಂಡ್ ಕಾರಿನ ಅಲಾಯ್ ವೀಲ್ ಪರೀಕ್ಷೆ ಮತ್ತು ದುರಸ್ತಿ

ಎಂಟು ವರ್ಷ ಬೆಂಗಳೂರಿನ ಗುಂಡಿಗಳಲ್ಲಿ ಇಳಿದು, ಹಂಪುಗಳನ್ನು ಹತ್ತಿದ ಕಾರು. ಅದರ ನಾಲ್ಕೂ ಅಲಾಯ್ ವೀಲ್‌ಗಳು ಶೋರೂಮಿನಿಂದ ಈಗಷ್ಟೇ ಬಂದಂತೆ ಹೊಳೆಯುತ್ತಿವೆ ಎಂದರೆ ಖುಷಿಪಡುವುದಕ್ಕಿಂತ ಅನುಮಾನಪಡುವುದು ಮೇಲು. ಮಾರುವ ಮುಂಚೆ ವೀಲ್‌ಗೆ ಬಣ್ಣ ಹೊಡೆಸುವುದೇನೂ ಅಪರಾಧವಲ್ಲ, ಆದರೆ ಆ ಬಣ್ಣದ ಅಡಿಯಲ್ಲಿ ಏನು ಅಡಗಿದೆ ಎಂದು ನೋಡಬೇಕು. ಬಣ್ಣವಷ್ಟೇ ಕಳಪೆಯಾಗಿದ್ದರೆ ಮತ್ತೆ ಹೊಡೆಸಿದರೆ ಆಯಿತು. ರಿಮ್ ಬೆಂಡಾಗಿದ್ದರೆ ಅಳತೆ ನೋಡಿ ತೀರ್ಮಾನಿಸಬೇಕು. ಬಿರುಕು ಬಿಟ್ಟದ್ದು, ವೆಲ್ಡ್ ಮಾಡಿದ್ದು, ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ನೆಟ್ಟಗೆ ಮಾಡಿದ್ದು ಮಾತ್ರ ಗುಜರಿಗೇ ಸರಿ. ಯಾವುದು ಯಾವ ಗುಂಪಿನದು ಎಂದು ಹೇಳುವುದು ವೀಲ್‌ನ ಒಳಬದಿ. ಹೊರಮುಖವೊಂದರಿಂದಲೇ ಪೂರ್ತಿ ಗೊತ್ತಾಗುವುದಿಲ್ಲ.

ಕಾರು ನೋಡಲು ಹೋದಾಗ

ಬೆಳಗಿನ ಬಿಸಿಲಿನಲ್ಲಿ ನೋಡಿ, ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಬೇಡ. ಜೊತೆಗೆ ಒಂದು ಟಾರ್ಚ್, ಒಂದು ನಾಣ್ಯ ಇರಲಿ.

ಮೊದಲು ಡಿಕ್ಕಿ ತೆಗೆಸಿ ಸ್ಟೆಪ್ನಿ ನೋಡಿ. ಅದೂ ಅಲಾಯ್ ಆಗಿದ್ದರೆ ನಿಮ್ಮ ಅದೃಷ್ಟ, ಕಂಪನಿಯ ಬಣ್ಣ, ಹೊಳಪು, ಅಂಚಿನ ಗೆರೆ ಹೇಗಿರುತ್ತವೆ ಎನ್ನುವುದಕ್ಕೆ ಅದೇ ಮಾದರಿ. ಬಳಿಕ ಪ್ರತಿ ವೀಲ್‌ನ ಹಿಂಬದಿಯಲ್ಲಿ ಎರಕದಲ್ಲೇ ಮೂಡಿದ ಅಂಕಿಗಳನ್ನು ಓದಿ. ಅಗಲ ಮತ್ತು ವ್ಯಾಸ (6ಜೆ×15 ಎಂಬಂತೆ), ಇಟಿ ಎಂದು ಬರೆದ ಆಫ್‌ಸೆಟ್ (ವೀಲ್‌ನ ಅಗಲದ ನಡುಗೆರೆಗೂ ಅದು ಕಾರಿಗೆ ಕೂರುವ ಮುಖಕ್ಕೂ ಇರುವ ಅಂತರ), ತಯಾರಾದ ತಿಂಗಳು ಮತ್ತು ವರ್ಷ ಅಲ್ಲಿರುತ್ತವೆ. ಮೂರು ವೀಲ್ ಒಂದೇ ಕಾಲದವು, ಒಂದರ ತಾರೀಖು ಮಾತ್ರ ಬೇರೆ ಎಂದಾದರೆ ಆ ಒಂದು ಯಾಕೆ ಬದಲಾಯಿತು ಎಂದು ಕೇಳಿ. ಅಂಕಿಗಳೇ ಕಾಣದಷ್ಟು ಬಣ್ಣ ತುಂಬಿದ್ದರೆ ಅದೂ ಒಂದು ಸುಳಿವು.

ಅವಸರದ ಕೆಲಸ ಅಂಚುಗಳಲ್ಲಿ ಸಿಕ್ಕಿಬೀಳುತ್ತದೆ. ಟೈರ್ ಬಿಚ್ಚದೆ ಬಣ್ಣ ಹೊಡೆಯುವವರು ಟೈರ್‌ಗೂ ರಿಮ್‌ಗೂ ನಡುವೆ ಸುತ್ತಲೂ ಇಸ್ಪೀಟು ಎಲೆ ಸಿಕ್ಕಿಸುತ್ತಾರೆ. ಎಲೆಗಳ ಸಂದಿಯಲ್ಲಿ ನುಗ್ಗಿದ ಬಣ್ಣ ಟೈರಿನ ಮೇಲೆ ಹಲ್ಲುಹಲ್ಲಾಗಿ ಕೂತಿರುತ್ತದೆ. ಟೈರಿನ ತುಟಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಒಳಗೆ ಹಳೆಯ ಬಣ್ಣದ ಗೆರೆ ಕಂಡೀತು. ವಾಲ್ವ್ ಬುಡ, ಬ್ಯಾಲೆನ್ಸಿಂಗ್ ತೂಕ, ನಟ್‌ಗಳ ಮೇಲೆ ಬೆಳ್ಳಿ ಬಣ್ಣದ ಹನಿ ಇದ್ದರೆ ಅಲ್ಲಿ ಏನನ್ನೂ ಬಿಚ್ಚಿಲ್ಲ, ಉಜ್ಜಿಯೂ ಇಲ್ಲ.

ರಿಮ್ ಅಂಚನ್ನು ನಾಣ್ಯದಿಂದ ಮೆಲ್ಲಗೆ ತಟ್ಟುತ್ತ ಒಂದು ಸುತ್ತು ಬನ್ನಿ. ಲೋಹವಿದ್ದಲ್ಲಿ ಟಣ್ ಎನ್ನುತ್ತದೆ, ಪುಟ್ಟಿ ಇದ್ದಲ್ಲಿ ಸದ್ದು ಮಂಕಾಗುತ್ತದೆ. ಬಾಡಿಯ ಪುಟ್ಟಿ ಹುಡುಕಲು ಬಳಸುವ ಅಯಸ್ಕಾಂತ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಅಲ್ಯೂಮಿನಿಯಮ್‌ಗೂ ಅದು ಅಂಟುವುದಿಲ್ಲವಲ್ಲ. ಕಂಪನಿಯಿಂದ ಡೈಮಂಡ್ ಕಟ್ ಆಗಿ, ಅಂದರೆ ಮುಖವನ್ನು ಲೇತ್‌ನಲ್ಲಿ ತೆಳ್ಳಗೆ ಕೆತ್ತಿ ಹೊಳಪು ತಂದು ಬಂದ ವೀಲ್ ಆದರೆ ಮುಖದ ಮೇಲೆ ಹಳೆ ಸಿಡಿಯಂತೆ ಕೂದಲೆಳೆಯ ಸುತ್ತುಗೆರೆಗಳಿರಬೇಕು. ಗೆರೆಯಿಲ್ಲದೆ ನುಣ್ಣಗಿದ್ದರೆ ಲೇತ್ ಕೆಲಸಕ್ಕೆ ದುಡ್ಡು ಉಳಿಸಿ ಬೆಳ್ಳಿ ಬಣ್ಣ ಬಳಿದಿದ್ದಾರೆ ಎಂದರ್ಥ.

ಈಗ ಟಾರ್ಚ್ ಹಿಡಿದು ಒಳಬದಿಗೆ ಬನ್ನಿ. ಗುಂಡಿಯ ಹೊಡೆತಕ್ಕೆ ಹೆಚ್ಚಾಗಿ ಬಗ್ಗುವುದು, ಸೀಳುವುದು ಒಳಗಿನ ತುಟಿಯೇ, ಏಕೆಂದರೆ ಹೊರಬದಿಗೆ ಕಡ್ಡಿಗಳ (ಸ್ಪೋಕ್) ಆಸರೆ ಇದೆ, ಒಳಬದಿಗೆ ಇಲ್ಲ. ಸುತ್ತಿಗೆಯ ಚಪ್ಪಟೆ ಗುರುತು, ಒಂದೇ ಕಡೆ ಗ್ರೈಂಡರ್ ಓಡಿಸಿದ ಗೆರೆ, ಉಬ್ಬಿದ ವೆಲ್ಡ್ ಸಾಲು, ಅಂಗೈಯಗಲ ಕಂದಿದ ಅಥವಾ ಗುಳ್ಳೆ ಎದ್ದ ಬಣ್ಣ, ಇವುಗಳಲ್ಲಿ ಯಾವುದು ಕಂಡರೂ ಬೆಲೆಯ ಮಾತು ಬದಲಾಗಬೇಕು. ಆ ವೀಲ್‌ಗೆ ಸೊನ್ನೆ ಕಟ್ಟಿ ಲೆಕ್ಕ ಹಾಕಿ. ಕಡೆಗೆ ನೈಸ್ ರಸ್ತೆಯಂಥ ನುಣುಪು ರಸ್ತೆಯಲ್ಲಿ 80ರ ಆಸುಪಾಸಿನಲ್ಲಿ ಓಡಿಸಿ. ಸ್ಟಿಯರಿಂಗ್ ನಡುಗಿದರೆ ಮುಂದಿನ ವೀಲ್, ಸೀಟು ನಡುಗಿದರೆ ಹಿಂದಿನದು ಎಂದು ಮೊದಲ ಅಂದಾಜು ಮಾಡಬಹುದು.

ಕಾರು ಆಗಲೇ ಮನೆಗೆ ಬಂದಿದ್ದರೆ

ಮೊದಲ ಕೆಲಸ ಚಂದದ್ದಲ್ಲ, ನಟ್‌ಗಳದ್ದು. ಒಂದೊಂದೇ ವೀಲ್ ಬಿಚ್ಚಿ ನಟ್ ಕೂರುವ ಕುಳಿ ನೋಡಿ. ಅಲ್ಲಿ ಬಣ್ಣ ಅಥವಾ ಪೌಡರ್ ಕೋಟಿಂಗ್ (ಓವನ್‌ನಲ್ಲಿ ಬೇಯಿಸಿ ಕೂರಿಸುವ ಪುಡಿ ಬಣ್ಣ) ಇರಲೇಬಾರದು. ನಟ್ ಬಿಗಿ ಮಾಡಿದಾಗ ಅದು ಲೋಹದ ಮೇಲಲ್ಲ, ಬಣ್ಣದ ಪದರದ ಮೇಲೆ ಕೂರುತ್ತದೆ. ನಾಲ್ಕಾರು ದಿನ ಓಡಿ, ಬ್ರೇಕಿನ ಬಿಸಿ ತಗುಲಿ ಪದರ ಜಜ್ಜಿಹೋದಾಗ ನಟ್ ತಾನಾಗಿ ಸಡಿಲವಾಗುತ್ತದೆ. ಹಬ್‌ಗೆ (ವೀಲ್ ಕೂರುವ, ಕಾರಿನ ತಿರುಗುವ ಭಾಗಕ್ಕೆ) ಅಂಟುವ ಹಿಂಬದಿ, ನಡುವಿನ ತೂತು ಇವೂ ಹೀಗೆಯೇ. ಅಲ್ಲಿ ಬಣ್ಣದ ಗಡ್ಡೆ ಇದ್ದರೆ ವೀಲ್ ಒಂದು ಕೂದಲಷ್ಟು ಓರೆ ಕೂರುತ್ತದೆ. ಆಮೇಲೆ ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ನಡುಕ ಹೋಗುವುದಿಲ್ಲ, ಮಷೀನ್ ಮೇಲೆ ಮಾತ್ರ ಎಲ್ಲ ಸರಿ ಎಂದೇ ತೋರಿಸುತ್ತದೆ.

ಕುಳಿಯ ಬಣ್ಣ ತೆಗೆಯಲು ಪೇಂಟ್ ರಿಮೂವರ್ ಅದ್ದಿದ ಹತ್ತಿಯನ್ನು ಹತ್ತು ನಿಮಿಷ ಇಟ್ಟು, ಪ್ಲಾಸ್ಟಿಕ್ ತುಂಡಿನಿಂದ ಕೆರೆದು, ಥಿನ್ನರ್‌ನಲ್ಲಿ ಒರೆಸಿ. ಡ್ರಿಲ್, ಗ್ರೈಂಡರ್ ಹಾಕಬೇಡಿ, ಕುಳಿಯ ಆಕಾರ ಕೆಟ್ಟರೆ ವೀಲೇ ಹಾಳು. ಹಿಂಬದಿಯನ್ನು ಪಾತ್ರೆ ತಿಕ್ಕುವ ಹಸಿರು ಸ್ಕ್ರಬರ್‌ನಿಂದ ಉಜ್ಜಿದರೆ ಸಾಕು. ನಟ್‌ಗಳನ್ನು ಕೈಯಲ್ಲಿ ತಿರುಗಿಸಿ ಕೂರಿಸಿ, ಎದುರುಬದುರಾಗಿ ಟಾರ್ಕ್ ವ್ರೆಂಚ್‌ನಲ್ಲಿ (ಎಷ್ಟು ಬಿಗಿಯಾಯಿತು ಎಂದು ಅಳೆಯುವ ಸ್ಪ್ಯಾನರ್) ಬಿಗಿಮಾಡಿ. ಈಚಿನ ಹುಂಡೈ ಐ20ಗೆ 107ರಿಂದ 127 ನ್ಯೂಟನ್ ಮೀಟರ್, ಹೋಂಡಾ ಸಿಟಿಗೆ 108, ಫೋಕ್ಸ್‌ವ್ಯಾಗನ್ ಪೋಲೋಗೆ 120. ಉಳಿದ ಕಾರುಗಳಿಗೆ ಮ್ಯಾನ್ಯುಯಲ್ ನೋಡಿ. 80ರಿಂದ 100 ಕಿ.ಮೀ. ಓಡಿದ ಮೇಲೆ ತಣ್ಣಗಿದ್ದಾಗ ಇನ್ನೊಮ್ಮೆ ಪರೀಕ್ಷಿಸಿ. ಪಂಕ್ಚರ್ ಅಂಗಡಿಯ ಏರ್ ಗನ್ ಅಷ್ಟೇ ನಂಬಬೇಡಿ. "ಅಣ್ಣ, ಕೈಯಲ್ಲಿ ಕೂರಿಸಿ ಬಿಡಿ, ಬಿಗಿ ನಾನೇ ಮಾಡ್ಕೋತೀನಿ" ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಎರಡನೆಯದು ಗಾಳಿ. ವಾರಕ್ಕೆ 3–4 ಪಿಎಸ್‌ಐ ಇಳಿಯುತ್ತಿದ್ದು ಮೊಳೆ ಸಿಗದಿದ್ದರೆ ಪಂಕ್ಚರ್ ಅಂಗಡಿಯ ನೀರಿನ ತೊಟ್ಟಿಯಲ್ಲಿ ವೀಲ್ ಮುಳುಗಿಸಿ ಐದು ನಿಮಿಷ ಸುಮ್ಮನೆ ಕಾಯಿರಿ, ಅವಸರ ಮಾಡಿದರೆ ಏನೂ ಕಾಣದು. ಟೈರ್ ಅಂಚಿನುದ್ದಕ್ಕೂ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಅಂಟಿಕೊಂಡರೆ ಬೀಡ್ (ರಿಮ್‌ಗೆ ಕಚ್ಚಿಕೊಳ್ಳುವ ಟೈರಿನ ದಪ್ಪ ಅಂಚು) ಕೂರುವ ಜಾಗದಲ್ಲಿ ಬಣ್ಣ ಕಿತ್ತಿದೆ ಅಥವಾ ಬಿಳಿ ಪುಡಿ ಕಟ್ಟಿದೆ. ಟೈರ್ ಬಿಚ್ಚಿಸಿ, ಆ ಜಾಗವನ್ನು ಬರಿಯ ಲೋಹ ಬರುವವರೆಗೆ ಉಜ್ಜಿಸಿ, ತೆಳ್ಳಗೆ ಪ್ರೈಮರ್ ಕೊಟ್ಟು, ಬೀಡ್ ಸೀಲರ್ ಹಚ್ಚಿಸಿದರೆ ನಿಲ್ಲುತ್ತದೆ. ಉಜ್ಜದೆ ಸೀಲರ್ ಮೆತ್ತಿದರೆ ಮೂರು ತಿಂಗಳಿಗೆ ಮತ್ತೆ ಅದೇ ಕಥೆ. ಗುಳ್ಳೆ ಬರುತ್ತಿರುವುದು ಅಂಚಿನಿಂದಲ್ಲ, ಒಳಗಿನ ಲೋಹದ ನಡುವಿನಿಂದ ಎಂದಾದರೆ ಅದು ಬಿರುಕು, ಇಲ್ಲವೇ ಎರಕದ ಸೂಕ್ಷ್ಮ ತೂತು.

ಬೆಂಡ್ ಅಳೆಯಲು ದೊಡ್ಡ ಸಲಕರಣೆ ಬೇಕಿಲ್ಲ. ಕಾರು ಜಾಕ್ ಮಾಡಿ, ಸ್ಟ್ಯಾಂಡ್ ಕೊಟ್ಟು, ನೆಲದಲ್ಲಿರುವ ಚಕ್ರಗಳಿಗೆ ಕಲ್ಲು ಕೊಡಿ. ಹಬ್ ಬೇರಿಂಗ್ ಅಲ್ಲಾಡುತ್ತಿಲ್ಲ ಎಂದು ಮೊದಲು ಖಾತರಿ ಮಾಡಿಕೊಳ್ಳಿ. ಇಟ್ಟಿಗೆಗೆ ಕಟ್ಟಿದ ತಂತಿಯ ತುದಿಯನ್ನು ರಿಮ್ ತುಟಿಗೆ ಸೋಕುವಂತಿಟ್ಟು ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿ. ಸಂದಿ ಅತಿ ಹೆಚ್ಚಾದ ಕಡೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಎಲೆಗಳು) ತೂರಿಸಿ ನೋಡಿ. ಅರ್ಧ ಮಿ.ಮೀ. ಒಳಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಮಿ.ಮೀ. ದಾಟಿದರೆ ನಡುಕ ಕೊಟ್ಟೇ ಕೊಡುತ್ತದೆ. ಒಳತುಟಿಯನ್ನೂ ಇದೇ ರೀತಿ ನೋಡಬೇಕು. ಅದಕ್ಕೆ ಬ್ಯಾಲೆನ್ಸಿಂಗ್ ಮಷೀನ್ ಮೇಲೆ ತಿರುಗಿಸಿ ತೋರಿಸು ಎಂದು ಕೇಳುವುದು ಸುಲಭ.

ಬೆಂಕಿ ಯಾಕೆ ಬೇಡ

ಕಾರಿನ ಎರಕದ ವೀಲ್‌ಗಳಲ್ಲಿ ಹೆಚ್ಚಿನವು ಎ356 ಎಂಬ ಮಿಶ್ರಲೋಹದವು. ಅಲ್ಯೂಮಿನಿಯಮ್‌ನಲ್ಲಿ ಸುಮಾರು 7% ಸಿಲಿಕಾನ್, ಚೂರು ಮೆಗ್ನೀಸಿಯಮ್. ಅದಕ್ಕೆ ಬಲ ಬರುವುದು ಟಿ6 ಎಂಬ ಹದದಿಂದ. ಅಂದರೆ 540 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಕಾಯಿಸಿ, ನೀರಿನಲ್ಲಿ ತಣಿಸಿ, ಮತ್ತೆ 150–170ರಲ್ಲಿ ಗಂಟೆಗಟ್ಟಲೆ ಇಡುವುದು. ಗ್ಯಾಸ್ ಟಾರ್ಚ್ ಹಿಡಿದರೆ ಆ ಜಾಗದ ಹದ ಹೋಗಿ ಲೋಹ ಮೆತ್ತಗಾಗುತ್ತದೆ. ಕಬ್ಬಿಣವಾದರೆ ಕೆಂಪಾಗಿ ಎಚ್ಚರಿಸುತ್ತದೆ, ಅಲ್ಯೂಮಿನಿಯಮ್ ಕೆಂಪಾಗದೆಯೇ ಕರಗುವ ಹಂತಕ್ಕೆ ಹೋಗುತ್ತದೆ. ಹಾಗಾಗಿ ಅಳತೆಯಿಲ್ಲದೆ ಕಾಯಿಸುವವರಿಗೆ ಎಷ್ಟು ಕಾಯಿತು ಎಂದೇ ತಿಳಿಯದು. ವೆಲ್ಡ್ ಮಾಡಿದರೂ ಇದೇ ತೊಂದರೆ. ವೆಲ್ಡ್ ಗಟ್ಟಿಯಾಗಿ ನಿಂತು ಅದರ ಪಕ್ಕದಲ್ಲೇ ಹೊಸ ಬಿರುಕು ಹುಟ್ಟುತ್ತದೆ. ಕಡ್ಡಿ ಅಥವಾ ನಟ್ ಕುಳಿಯ ಹತ್ತಿರ ವೆಲ್ಡ್ ಇರುವ ವೀಲ್‌ನಲ್ಲಿ ಒಂದು ಕಿಲೋಮೀಟರೂ ಓಡಿಸಬೇಡಿ.

ಸಣ್ಣ ಬೆಂಡನ್ನು ಹೈಡ್ರಾಲಿಕ್ ಜಾಕ್ ಇರುವ ಮಷೀನ್‌ನಲ್ಲಿ, ಡಯಲ್ ಗೇಜ್ ಇಟ್ಟು, ಸ್ವಲ್ಪಸ್ವಲ್ಪವೇ ಒತ್ತಿ ತೆಗೆಯುವವರ ಹತ್ತಿರ ಮಾತ್ರ ಮಾಡಿಸಿ. ತೆಗೆದ ಮೇಲೆ ಬಿರುಕಿನ ಪರೀಕ್ಷೆ ಕಡ್ಡಾಯ. ವೆಲ್ಡಿಂಗ್ ಸಾಮಾನು ಮಾರುವಲ್ಲಿ ಡಿಪಿ ಟೆಸ್ಟ್ (ಡೈ ಪೆನಿಟ್ರೆಂಟ್, ಬಿರುಕಿನೊಳಗೆ ಇಳಿಯುವ ಬಣ್ಣದ ಪರೀಕ್ಷೆ) ಎಂದು ಕೇಳಿದರೆ ಮೂರು ಸ್ಪ್ರೇ ಡಬ್ಬಿ ಕೊಡುತ್ತಾರೆ: ಕ್ಲೀನರ್, ಕೆಂಪು ದ್ರವ, ಬಿಳಿ ಡೆವಲಪರ್. ಬಣ್ಣ ತೆಗೆದ ಬರಿಯ ಲೋಹದ ಮೇಲೆ ಕೆಂಪು ಹೊಡೆದು 10–15 ನಿಮಿಷ ಬಿಡಿ. ಕ್ಲೀನರನ್ನು ಬಟ್ಟೆಗೆ ಹಾಕಿ ಒರೆಸಿ. ನೇರ ವೀಲ್ ಮೇಲೆ ಹೊಡೆದರೆ ಬಿರುಕಿನೊಳಗಿನ ಕೆಂಪೂ ತೊಳೆದುಹೋಗುತ್ತದೆ. ಬಳಿಕ ಬಿಳಿಯನ್ನು ತೆಳ್ಳಗೆ ಹೊಡೆದು ಹತ್ತು ನಿಮಿಷ ಕಾಯಿರಿ. ಬಿರುಕಿದ್ದರೆ ಸುಣ್ಣದ ಗೋಡೆಯ ಮೇಲೆ ಕುಂಕುಮದ ಗೆರೆ ಎಳೆದಂತೆ ಕೆಂಪು ಜಿನುಗಿ ಬರುತ್ತದೆ.

ಸರಿಯಾಗಿ ಮತ್ತೆ ಬಣ್ಣ ಮಾಡಿಸುವುದು

ವೀಲ್ ಗಟ್ಟಿಯಿದೆ, ಬಣ್ಣವಷ್ಟೇ ಕೆಟ್ಟಿದೆ ಎಂದು ಖಾತರಿಯಾದರೆ ಪೀಣ್ಯದ ಕಡೆ ಪೌಡರ್ ಕೋಟಿಂಗ್ ಮಾಡುವವರಿದ್ದಾರೆ. ಗೇಟು, ಕಿಟಕಿ ಗ್ರಿಲ್ ಮಾಡುವವರ ಓವನ್‌ಗೂ ವೀಲ್ ಮಾಡುವವರ ಓವನ್‌ಗೂ ವ್ಯತ್ಯಾಸವಿದೆ, ಹಾಗಾಗಿ ಮುಂಚೆಯೇ ಕೇಳಿಕೊಳ್ಳಿ. ಟೈರ್, ವಾಲ್ವ್, ಟೈರ್ ಪ್ರೆಷರ್ ಸೆನ್ಸರ್ ಎಲ್ಲ ಬಿಚ್ಚಿರಬೇಕು, ಸೆನ್ಸರ್ ಓವನ್‌ಗೆ ಹೋದರೆ ಅಲ್ಲಿಗೆ ಮುಗಿಯಿತು. ಹಳೆ ಬಣ್ಣವನ್ನು ಪೂರ್ತಿ ತೆಗೆಯಬೇಕು, ಒರಟು ಮರಳಿನಿಂದಲ್ಲ, ಗಾಜಿನ ಮಣಿ ಅಥವಾ ನುಣುಪು ಗ್ರಿಟ್‌ನಿಂದ. ತೊಳೆಯುವುದಕ್ಕೆ ಬೋರ್‌ವೆಲ್ ನೀರು ಬಳಸಿದರೆ ಕೊನೆಯ ಸಲ ಆರ್‌ಒ ಅಥವಾ ಬ್ಯಾಟರಿ ನೀರು ಹುಯ್ಯಬೇಕು. ಗಡಸು ನೀರಿನ ಉಪ್ಪು ಬಣ್ಣದಡಿ ಉಳಿದರೆ ಒಂದೇ ಮಳೆಗಾಲದಲ್ಲಿ ಗುಳ್ಳೆ ಏಳುತ್ತದೆ. ಎರಕದ ಲೋಹದ ತೂತುಗಳಲ್ಲಿ ಗಾಳಿ, ಎಣ್ಣೆ ಅಡಗಿರುವುದರಿಂದ ಪೌಡರ್ ಹಾಕುವ ಮುಂಚೆ ಖಾಲಿ ವೀಲನ್ನು 190–195 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದರೆ ಆಮೇಲೆ ಸೂಜಿಮೊನೆಯಷ್ಟು ತೂತುಗಳು ಏಳುವುದಿಲ್ಲ. ಪೌಡರ್ 180ರಲ್ಲಿ ಬೇಯುವಂಥದ್ದಿರಲಿ, ಯಾವ ಹಂತದಲ್ಲೂ 200 ದಾಟುವುದು ಬೇಡ. ನಟ್ ಕುಳಿಗಳಿಗೆ ಮುಚ್ಚಳ ಹಾಕಿದ್ದಾರೆಯೇ ಎಂದು ಓವನ್‌ಗೆ ಹೋಗುವ ಮುನ್ನ ಒಂದು ಫೋಟೋ ತರಿಸಿಕೊಳ್ಳಿ.

ಡೈಮಂಡ್ ಕಟ್ ಮತ್ತೆ ಬೇಕೆಂದರೆ ಲೇತ್ ಪ್ರತಿ ಸಲವೂ ಚೂರು ಲೋಹ ಕೀಳುತ್ತದೆ. ಎರಡು ಮೂರು ಸಲಕ್ಕಿಂತ ಹೆಚ್ಚು ಆಗದು. ಮೇಲಿನ ಕ್ಲಿಯರ್ ಕೋಟ್‌ಗೆ ಒಂದು ಕಲ್ಲೇಟು ಬಿದ್ದರೂ ಸಾಕು, ಎರೆಹುಳು ಹರಿದಂತೆ ಬಿಳಿ ಗೆರೆಗಳು ಒಳಗೊಳಗೇ ಹಬ್ಬುತ್ತವೆ. ಈ ಊರಿನ ರಸ್ತೆಗೆ ಸಾದಾ ಬೆಳ್ಳಿ ಅಥವಾ ಬೂದು ಬಣ್ಣದ ಪೂರ್ಣ ಕೋಟಿಂಗೇ ಜಾಣತನ.

ಮನೆಯಲ್ಲೇ ಮಾಡುವುದಾದರೆ 180, 320, 400ರ ಎಮರಿ ಪೇಪರ್, ಎಪಾಕ್ಸಿ ಪ್ರೈಮರ್ ಎರಡು ತೆಳು ಕೋಟ್, 600ರಲ್ಲಿ ನೀರು ಹಾಕಿ ಉಜ್ಜುವುದು, ಹತ್ತು ಹದಿನೈದು ನಿಮಿಷದ ಅಂತರದಲ್ಲಿ ಮೂರು ತೆಳು ಕೋಟ್ ಬಣ್ಣ, ಎರಡು ಕೋಟ್ 2ಕೆ ಕ್ಲಿಯರ್ (ಹಾರ್ಡ್‌ನರ್ ಬೆರೆಸುವ, ಎರಡು ಭಾಗದ ಪಾರದರ್ಶಕ ಬಣ್ಣ). ನಟ್ ಕುಳಿಗಳಿಗೆ ಒಂದೊಂದು ಗೋಲಿ ಇಟ್ಟರೆ ಬಣ್ಣ ಇಳಿಯುವುದಿಲ್ಲ. 2ಕೆ ಕ್ಲಿಯರ್‌ನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು. ಬಟ್ಟೆಯ ಮಾಸ್ಕ್ ಸಾಲದು, ಕಾರ್ಟ್ರಿಜ್ ಮಾಸ್ಕ್ ಬೇಕು. ಬಯಲಲ್ಲಿ ಹೊಡೆಯಿರಿ, ಫ್ಲಾಟ್‌ನ ಬಾಲ್ಕನಿಯಲ್ಲಿ ಅಲ್ಲ. ಮೋಡ ಕವಿದ ದಿನ ಶುರುಮಾಡಬೇಡಿ, ತೇವಕ್ಕೆ ಹೊಳಪು ಮಂಜಾಗುತ್ತದೆ. ಟೈರ್ ಹಾಕಿಸಿದಾಗ ತೂಕ ಅಂಟಿಸುವ ಬಗೆಯದೇ ಇರಲಿ, ಸುತ್ತಿಗೆಯಿಂದ ಬಡಿದು ಸಿಕ್ಕಿಸುವ ಕ್ಲಿಪ್ ಹೊಸ ಬಣ್ಣವನ್ನು ಮೊದಲ ದಿನವೇ ಸೀಳುತ್ತದೆ. ಕಾರ್ ವಾಶ್‌ನವರು ಆ್ಯಸಿಡ್ ಬೆರೆತ ಕ್ಲೀನರ್ ತಂದರೆ ಬೇಡವೆನ್ನಿ.

ಬದಲಿ ವೀಲ್ ಹುಡುಕುವವರು

ಶಿವಾಜಿನಗರದ ಗುಜರಿಯಲ್ಲಿ ಕಂಪನಿಯ ಒಂಟಿ ವೀಲ್ ಸಿಗುವುದುಂಟು. ಮೇಲಿನ ಪರೀಕ್ಷೆಗಳೆಲ್ಲ ಅದಕ್ಕೂ ಅನ್ವಯ. ನಟ್ ತೂತು ಹೊಂದಿದ ಮಾತ್ರಕ್ಕೆ ಕೊಳ್ಳಬೇಡಿ. ಐ20 ಮತ್ತು ಸಿಟಿ ಎರಡಕ್ಕೂ 4×100 (100 ಮಿ.ಮೀ. ವ್ಯಾಸದ ವೃತ್ತದ ಮೇಲೆ ನಾಲ್ಕು ನಟ್ ತೂತು), ಆದರೆ ನಡುವಿನ ತೂತು ಐ20ಗೆ 54.1 ಮಿ.ಮೀ., ಸಿಟಿಗೆ 56.1. ಹಬ್ ರಿಂಗ್ (ಆ ಸಂದಿ ತುಂಬುವ ಬಳೆ) ಇಲ್ಲದೆ ಸಿಟಿಯ ವೀಲ್ ಐ20ಯಲ್ಲಿ ನಡುವಿಗೆ ಕೂರುವುದಿಲ್ಲ. ನಟ್ ಕೂರುವ ಕುಳಿಯೂ ಬೇರೆ, ಹೋಂಡಾದ್ದು ಗುಂಡು, ಹುಂಡೈನದ್ದು 60 ಡಿಗ್ರಿ ಶಂಕು. ಎರಡು ವೀಲ್ ಗುಜರಿಪಾಲಾಗಿದ್ದರೆ ಅದೇ ಮಾದರಿಯ ಕೆಳ ವೇರಿಯಂಟ್‌ನ ಕಬ್ಬಿಣದ ರಿಮ್ ನಾಲ್ಕು ಹಾಕಿಸಿಕೊಳ್ಳುವುದೂ ಒಳ್ಳೆಯ ದಾರಿ. ಬ್ರೇಕ್ ಕ್ಯಾಲಿಪರ್‌ಗೆ ತಾಗುವುದಿಲ್ಲ ಎಂದು ಕೈಯಲ್ಲಿ ತಿರುಗಿಸಿ ನೋಡಿ, ಆ ರಿಮ್‌ಗೆ ಬೇಕಾದ ನಟ್‌ಗಳನ್ನೇ ತೆಗೆದುಕೊಳ್ಳಿ. ಗುಂಡಿಗೆ ಬಿದ್ದರೆ ಅದು ಸೀಳುವ ಬದಲು ಬಗ್ಗುತ್ತದೆ.

ಬಿರುಕು ಬಿಟ್ಟ ವೀಲ್‌ಗೆ ಅಲ್ಯೂಮಿನಿಯಮ್ ತೂಕದ ಬೆಲೆ ಸಿಗುತ್ತದೆ. ಕೊಡುವ ಮುಂಚೆ ಗ್ರೈಂಡರ್‌ನಲ್ಲಿ ತುಟಿಯಿಂದ ಕಡ್ಡಿಯವರೆಗೆ ಒಂದು ಸೀಳು ಹಾಕಿಸಿ. ತೂಕ ಕಡಿಮೆಯಾಗುವುದಿಲ್ಲ, ಅದೇ ವೀಲ್ ಬೆಳ್ಳಿ ಬಣ್ಣ ಬಳಿದುಕೊಂಡು ಇನ್ನೊಬ್ಬರ ಕಾರಿಗೆ ಹೋಗುವುದೂ ಇಲ್ಲ.